ದೊರೆ ಕೈ ಬೀಸಿದರು

ನನಗೆ ಇಂಗ್ಲಿಷ್ ಬರುತ್ತದೆ ಎಂದು ತಿಳಿದಿದ್ದೆ. ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಮೈಯೂ ಒಂದು ಭಾಷೆ ಆಡುತ್ತದೆ, ಸೀಮೆ ದಾಟಿದರೆ ಅದರ ಅರ್ಥವೂ ಬದಲಾಗುತ್ತದೆ ಎಂದು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ನಾವು ತಲೆಯನ್ನು ಆಚೀಚೆ ತೂಗಿದರೆ ‘ಆಗಲಿ’ ಎಂದು ನಮಗೆ ಗೊತ್ತು. ಪರದೇಶದವನಿಗೆ ಅದು ಕತ್ತು ಉಳುಕಿದಂತೆ ಕಾಣುತ್ತದೋ ಏನೋ.

ಯುದ್ಧದ ಕಾಲ. ನಾನು ಬಾಗೂರಿನಲ್ಲಿ ಮೇಷ್ಟ್ರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಕಮಲ ಹೊಳೆನರಸೀಪುರದಲ್ಲಿ ನಮ್ಮಮ್ಮನ ಜೊತೆ ಇದ್ದಳು. ಪೆಟ್ರೋಲಿಗೆ ಬರ ಬಂದು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಕೆಮ್ಮಿ ಕೆಮ್ಮಿ ಊರು ಮುಟ್ಟುವಷ್ಟರಲ್ಲಿ ಅರ್ಧ ರಜೆ ಮುಗಿದಿರುತ್ತಿತ್ತು. ಊರಿಗೇ ವರ್ಗ ಮಾಡಿಕೊಡಿ ಎಂಬ ಅರ್ಜಿಯೊಂದನ್ನು ಬರೆದು ಕೋಟಿನ ಜೇಬಿನಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಶಾಲೆ ನೋಡಲು ವಿದ್ಯಾ ಇಲಾಖೆಯ ಇಂಗ್ಲಿಷ್ ದೊರೆಯೊಬ್ಬರು ಬಂದರು. ಹಾರ ಹಾಕಿದೆ, ಎಳನೀರು ಕೊಟ್ಟೆ, ಮಕ್ಕಳಿಂದ ಪದ್ಯ ಹೇಳಿಸಿದೆ. ಅರ್ಜಿ ಕೊಡಲು ಮಾತ್ರ ಕೈ ಏಳಲಿಲ್ಲ. ಕಾರು ಹೊರಟೇಬಿಟ್ಟಿತು.

ಆಗ ದೊರೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಮಡಚಿ ಬಿಚ್ಚಿದರು. ಅದು ‘ಬಾ’ ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಪಕ್ಕದಲ್ಲಿದ್ದ ಪಟೇಲ ನಿಂಗೇಗೌಡರು ನನ್ನ ಬೆನ್ನು ತಳ್ಳಿ, “ದೊರೆ ಕರೀತಾವ್ರೆ ಕಣ್ರೀ ಮೇಷ್ಟ್ರೇ, ಇಂಗೆ ನಿಂತ್ಕಂಡ್ರೆ ಆದಾತಾ? ಓಡಿ ಸಾ” ಎಂದರು.

ಪಂಚೆ ಎತ್ತಿ ಹಿಡಿದು ಓಡಿದೆ. ರಸ್ತೆಯ ಹಳ್ಳಗಳು ನನ್ನ ಪಕ್ಷ ವಹಿಸಿದ್ದರಿಂದ ಕಾರು ಮೆಲ್ಲಗೆ ಹೋಗುತ್ತಿತ್ತು. ನಾನು ಹತ್ತಿರವಾದಷ್ಟೂ ದೊರೆ ಸಂತೋಷದಿಂದ ಇನ್ನೂ ಜೋರಾಗಿ ಬೆರಳಾಡಿಸಿ ಕರೆದರು. ಪೇಟ ಒಂದು ಕಡೆ ಬಿತ್ತು, ಚಪ್ಪಲಿ ಒಂದು ಕಡೆ. ಕೊನೆಗೆ ಕೆರೆ ಏರಿಯ ಮೇಲೆ ಕಾರು ನಿಂತಿತು. ಉಸಿರೇ ಇಲ್ಲ, ಇನ್ನು ಮಾತೆಲ್ಲಿ? ಕೈ ಮುಗಿದು ನಿಂತೆ. ಧೂಳಿಗೆ ಕಣ್ಣಲ್ಲಿ ನೀರು ಬೇರೆ. ದೊರೆ ನನ್ನ ಕೈ ಹಿಡಿದು ಕುಲುಕಿ, ಜೊತೆಗಿದ್ದ ನಮ್ಮ ಶಾಲಾ ಇನ್ಸ್‌ಪೆಕ್ಟರಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು.

ಇನ್ಸ್‌ಪೆಕ್ಟರು ನನ್ನತ್ತ ತಿರುಗಿ, “ಶಾಲೆ ಮೇಲೆ ಇಷ್ಟು ಪ್ರೀತಿ ಇರೋ ಮೇಷ್ಟ್ರನ್ನ ದೊರೆ ಎಲ್ಲೂ ನೋಡಿಲ್ಲವಂತೆ ಕಣ್ರೀ. ನಿಮ್ಮನ್ನ ಇಲ್ಲಿಂದ ಕದಲಿಸಕೂಡದು ಅಂತ ಹೇಳಿದಾರೆ” ಎಂದರು.

“ಕರೆದರಲ್ಲ ಸಾರ್?”

“ಕರೀಲಿಲ್ಲ. ಅವರ ಕಡೆ ಹೋಗಿಬರ್ತೀನಿ ಅನ್ನೋದೇ ಹಾಗೆ.”

ಅರ್ಜಿ ಬೆವರಿನಲ್ಲಿ ನೆನೆದು ಜೇಬಿಗೇ ಅಂಟಿಕೊಂಡಿತ್ತು. ಆದರೂ ಅವತ್ತಿನಿಂದ ನಾನು ಕೈಸನ್ನೆಯಲ್ಲಿ ಪಂಡಿತನಾದೆ. ದಸರಾ ರಜೆಯಲ್ಲಿ ಕಮಲಳಿಗೆ ಇಡೀ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಹೊರಟ ದಿನ ಬಸ್ಸು ಕದಲಿದಾಗ, ಅಮ್ಮನ ಪಕ್ಕ ನಿಂತಿದ್ದವಳು ಅಂಗೈ ಕೆಳಗೆ ಮಾಡಿ ಬೆರಳು ಮಡಚಿ ಬಿಚ್ಚಿದಳು. ಎಷ್ಟು ಬೇಗ ಕಲಿತುಬಿಟ್ಟಳಲ್ಲ ಎಂದು ಹೆಮ್ಮೆಯಾಗಿ ನಾನೂ ಹಾಗೇ ಬೀಸಿದೆ. ಅವಳು ನಾಲ್ಕು ಹೆಜ್ಜೆ ಓಡಿ ಬಂದಳು. ನಾನು ಇನ್ನೂ ಜೋರಾಗಿ ಬೀಸಿದೆ.

ವಾರದ ಮೇಲೆ ಕಾಗದ ಬಂತು. “ರಜೆಯೆಲ್ಲ ಹೇಳಲು ನಾಚಿಕೆಯಾಗಿ, ಕೊನೆಗೆ ಧೈರ್ಯ ಮಾಡಿ ಕರೆದೆ. ದೊರೆಯ ಕಾರಿನ ಹಿಂದೆ ಓಡಿದವರು ನನಗಾಗಿ ಬಸ್ಸು ಇಳಿಯಲಿಲ್ಲ. ನೀವು ತಂದೆಯಾಗುವ ಸುದ್ದಿಯನ್ನು ಕಾಗದದಲ್ಲಿ ಬರೆಯಬೇಕಾಯಿತು.”

ಕಾಗದ ಹಿಡಿದುಕೊಂಡೇ ರಸ್ತೆಗೆ ಓಡಿದೆ. ಈ ಸಲ ಯಾರೂ ಬೆನ್ನು ತಳ್ಳಬೇಕಾಗಲಿಲ್ಲ. ಹೊಳೆನರಸೀಪುರದ ಬಸ್ಸು ಆಗತಾನೇ ಹೊರಟಿತ್ತು. ಹಿಂದಿನ ಬಾಗಿಲಿನಲ್ಲಿ ಕಂಡಕ್ಟರು ನನ್ನನ್ನು ನೋಡಿ ಕೈ ಬೀಸಿದ. ಕರೆದನೋ, ಹೋಗಿಬರ್ತೀನಿ ಎಂದನೋ ಎಂದು ನಾನು ಯೋಚಿಸುತ್ತಾ ನಿಂತೆ. ಬಸ್ಸು ಹೋಯಿತು.