ಅತ್ತೆಯ ಮಣ್ಣು, ಅವ್ವನ ಎತ್ತು

ನಮ್ಮ ಸೋದರತ್ತೆ ಮನೆಗೆ ಬಂದ ಮೇಲೆ ನಾನು ಉಂಡ ಅನ್ನಕ್ಕಿಂತ ಹೊತ್ತ ಮಣ್ಣೇ ಹೆಚ್ಚು. ಬಡಾಯಿ ಎನ್ನುವಿರಾ? ನನ್ನ ಸ್ಕೂಟರ್ ನೋಡಿ. ಅದರ ಮೂಲ ಬಣ್ಣ ನೀಲಿ!

ಅತ್ತೆ ಸರ್ಕಾರಿ ಪ್ರಯೋಗಾಲಯದಲ್ಲಿ ಪ್ರಾಚೀನ ಮಡಕೆ, ಇಟ್ಟಿಗೆಗಳ ಮಣ್ಣು ಪರೀಕ್ಷಿಸಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರಿಗೆ ತಲುಪಿರಲಿಲ್ಲ, ಅಷ್ಟೇ. ಒಂದು ಇಟ್ಟಿಗೆ ಯಾವ ಕೆರೆಯ ಮಣ್ಣಿನದು ಎಂದು ತಿಳಿಯಲು ಅದನ್ನು ಪುಡಿ ಮಾಡಬೇಕು. ಸುತ್ತಲಿನ ಕೆರೆಗಳ ಮಣ್ಣು ತಂದು ಬಿಲ್ಲೆ ತಟ್ಟಿ, ಒಣಗಿಸಿ, ಸುಟ್ಟು ಅದರೊಂದಿಗೆ ಹೋಲಿಸಬೇಕು. ಒಣಗಿಸುವ ಜಾಗ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನ ತಾರಸಿ. ತರುವವನು ನಾನು. ದಿನವಿಡೀ ನಾಂಪಲ್ಲಿಯ ಕಚೇರಿಯಲ್ಲಿ ಫೈಲು ಹೊತ್ತವನಿಗೆ ಸಂಜೆ ಮಣ್ಣು!

ಎದುರು ಮನೆಯ ತೆಲುಗು ಗೃಹಿಣಿ ಒಮ್ಮೆ ಆ ಬಿಲ್ಲೆಗಳನ್ನು ಕಂಡು, "ಏಮಿ ವಡಿಯಾಲಂಡೀ ಇವಿ?" ಎಂದು ಕೇಳಿದರು. ಯಾವ ಸಂಡಿಗೆ ಎಂದು. ಅತ್ತೆ "ಮಟ್ಟಿ" ಎಂದರು. ಮಣ್ಣೆಂದರೆ ಯಾರು ನಂಬುತ್ತಾರೆ? ಮಾಡುವ ಬಗೆ ಹೇಳಲು ಮನಸ್ಸಿಲ್ಲವೆಂದುಕೊಂಡು ಆಕೆ ಬಹಳ ದಿನ ನಮ್ಮ ಮನೆಗೆ ಕರಿಬೇವು ಕೇಳಲೂ ಬರಲಿಲ್ಲ.

ನನಗೆ ಹೆಣ್ಣು ನೋಡಲು ಹೋದಾಗ ಅತ್ತೆ ನೋಡಿದ್ದು ಮೂಲೆಯಲ್ಲಿದ್ದ ಹಳೆಯ ಮಣ್ಣಿನ ಹರವಿಯನ್ನು. ತಟ್ಟಿದರು, ಮೂಸಿದರು. ಆಮೇಲೆ ಹುಡುಗಿಯ ತಂದೆಗೆ, "ಇದರ ಕಂಠದಾಗಿಂದ ಒಂಚೂರು ಮುರಕೊಂಡು ಒಯ್ಯಲೇನ್ರಿ?" ಎಂದರು. ಆ ಮನೆಯಿಂದ ಮತ್ತೆ ಯಾವ ಉತ್ತರವೂ ಬರಲಿಲ್ಲ.

ಕೊಂಡಾಪುರದ ಆಚೆ ಯಾರೋ ಅಡಿಪಾಯ ಅಗೆಯುವಾಗ ಬಹಳ ಹಳೆಯ ಇಟ್ಟಿಗೆಯೊಂದು ಸಿಕ್ಕಿ ಅತ್ತೆಯ ಕೈ ಸೇರಿತು. ಅದರ ಒಂದು ಮೂಲೆಯಲ್ಲಿ ಬೆರಳಿನ ಗುರುತು. ಅವ್ವ ಅದನ್ನು ಸವರಿ, "ಪಾಪ, ಯಾರ ಕೈಯೋ ಏನೋ. ಇದನ್ನ ಹಂಗ ಇಡಬಾರದೇನ?" ಎಂದಳು.

"ಬೆರಳು ಏನ್ ಹೇಳತೈತ್ರಿ ವೈನಿ? ಮಣ್ಣು ಹೇಳಬೇಕು," ಎಂದು ಅತ್ತೆ ಆ ಮೂಲೆಯನ್ನೇ ಒಡೆದು ಒರಳಿಗೆ ಹಾಕಿದರು.

ಇಟ್ಟಿಗೆ ಅಲ್ಲಿಯದೇ, ಬೇರೆ ಕಡೆಯಿಂದ ತಂದದ್ದೇ? ಇದೊಂದು ತಿಳಿದರೆ ಸಾಕು, ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದರು. ಅಲ್ಲಿದ್ದ ಕೆರೆಯನ್ನಾಗಲೇ ಫ್ಲ್ಯಾಟುಗಳಿಗಾಗಿ ಮುಚ್ಚುತ್ತಿದ್ದರು. ಲಾರಿಗಳ ನಡುವೆ ಮೊಳಕಾಲುದ್ದ ಕೆಸರಿಗಿಳಿದು ಒಂದು ಡಬ್ಬಿ ಮಣ್ಣು ತಂದುಕೊಟ್ಟೆ. ಸ್ವಲ್ಪ ದಿನಕ್ಕೆ ಕೆರೆಯೇ ಇರಲಿಲ್ಲ.

"ಇನ್ನ ಈ ಮಣ್ಣು ಎಲ್ಲೂ ಸಿಗಂಗಿಲ್ಲ," ಎಂದು ಅತ್ತೆ, ಬಿಸಿಲು ಬಿದ್ದ ಮೇಲೆ ಬಿಲ್ಲೆ ತಟ್ಟಲೆಂದು ಡಬ್ಬಿಯನ್ನು ಬಾಲ್ಕನಿಯಲ್ಲಿ ಜೋಪಾನ ಮಾಡಿದರು.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುವ ನಮ್ಮ ಕಡೆಯ ಹಬ್ಬ. ಈ ಊರಲ್ಲಿ ಎತ್ತಿಗೆ ಒಳ್ಳೆಯ ಮಣ್ಣೇ ಸಿಗುವುದಿಲ್ಲವೆಂದು ಅವ್ವ ವರ್ಷವರ್ಷವೂ ಗೊಣಗುತ್ತಿದ್ದಳು. ಆ ವರ್ಷ ಗೊಣಗಲಿಲ್ಲ. ಹಲ್ಲಿನ ಡಾಕ್ಟರ ಬಳಿ ಹೋಗಿದ್ದ ಅತ್ತೆ ಹಿಂದಿರುಗಿದಾಗ ದೇವರ ಮುಂದೆ ಎರಡು ಎತ್ತು ನಿಂತಿದ್ದವು. ಪಕ್ಕದಲ್ಲಿ ಖಾಲಿ ಡಬ್ಬಿ.

"ಎಂಥಾ ಜಿಗುಟು ಮಣ್ಣು ತಂದಿಟ್ಟೀ ನೋಡವಾ, ಒಂದೂ ಕೋಡು ಮುರೀಲಿಲ್ಲ," ಎಂದಳು ಅವ್ವ, ಸಂತೋಷದಿಂದ.

ಅತ್ತೆಯ ಮುಖ ಕೆಂಪಾಯಿತು. ಕೊನೆಗೆ, "ಭಾಳ ಚಂದ ಆಗ್ಯಾವ್ರಿ ವೈನಿ," ಎಂದರು. ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ, "ಹಬ್ಬ ಮುಗೀಲಿ. ಪುಡಿ ಮಾಡಿದ್ರಾತು," ಎಂದರು.

ಹಬ್ಬ ಮುಗಿದರೂ ಅವ್ವ ಎತ್ತು ಕೊಡಲಿಲ್ಲ. ನೀರಿಗೆ ಬಿಡಬೇಕು, ಬಿಡಲು ಹತ್ತಿರ ಕೆರೆ ಎಲ್ಲಿ ಉಳಿದಿದೆ ಎಂದು ಕಪಾಟಿನ ಮೇಲಿಟ್ಟಳು. ದಿನಾ ಬೆಳಿಗ್ಗೆ ಅತ್ತೆ ಎತ್ತು ನೋಡುವುದು, ಅವ್ವ ಅತ್ತೆಯನ್ನು ನೋಡುವುದು, ನಡುವೆ ನಾನು ಚಹಾ ಕುಡಿಯುವುದು. ಸಾಕಾಗಿಹೋಗಿತ್ತು ನನಗೆ.

ಆಮೇಲೆ ಅವ್ವನಿಗೆ ಜ್ವರ ಬಂತು. ಶ್ರಾವಣ ಮುಗಿಯುವುದರೊಳಗೆ ಅವ್ವ ಹೋಗಿಬಿಟ್ಟಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನೇ ಎತ್ತುಗಳನ್ನು ಇಳಿಸಿ ಒರಳಿನ ಪಕ್ಕ ಇಟ್ಟೆ. "ಅತ್ಯಾ, ಇನ್ನ ಬ್ಯಾಡ ಅನ್ನಾವ್ರು ಯಾರೂ ಇಲ್ಲ. ಪುಡಿ ಮಾಡ್ಕೊಳ್ರಿ," ಎಂದೆ.

ಅತ್ತೆ ಒಂದು ಎತ್ತನ್ನು ತಿರುಗಿಸಿ ನೋಡಿದರು. ಹೊಟ್ಟೆಯ ಕೆಳಗೆ ಅವ್ವ ಒತ್ತಿದ ಹೆಬ್ಬೆರಳಿನ ಗುರುತು ಹಾಗೆಯೇ ಒಣಗಿತ್ತು. ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟರು.

"ಇಟ್ಟಿಗಿ ಎಲ್ಲೀದಾದ್ರೂ ಇರಲಿ ಬಿಡಪಾ," ಎಂದರು. ಎತ್ತುಗಳನ್ನು ಮತ್ತೆ ಕಪಾಟಿನ ಮೇಲಿಟ್ಟು, ನನ್ನ ಕಡೆ ತಿರುಗದೆಯೇ ಹೇಳಿದರು: "ಆ ಇಟ್ಟಿಗಿ ಮೂಲಿ ನಾ ಒಡೀಬಾರದಿತ್ತು."