ಗಂಗಾಧರಪ್ಪನವರ ಕಂಠವನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ

ಇಂದ:
ದಯಾನಂದ, ರೇಡಿಯೊ ರಿಪೇರಿ,
ಬಸ್‌ಸ್ಟ್ಯಾಂಡ್ ಹಿಂಭಾಗ, ಆಲ್ದೂರು.

ಗೆ:
ಶ್ರೀ ಮಲ್ಲೇಶ್ ಅವರು, ಅಧ್ಯಕ್ಷರು,
ದಿವಂಗತ ಗಂಗಾಧರಪ್ಪ ಗಾಯನ ಸ್ಮಾರಕ ಸಮಿತಿ, ಅತ್ತಿಗುಂಡಿ.

ವಿಷಯ: ಸರಿಯಾದ ರೆಕಾರ್ಡ್ ಪ್ಲೇಯರನ್ನು ಪುನಃ ಕೆಡಿಸಿಕೊಡುವ ಕುರಿತು.

ಉಲ್ಲೇಖ: ತಮ್ಮ ನೋಟಿಸು, ಹಾಗೂ ಫೋನಿನಲ್ಲಿ ತಾವು ಬೈದದ್ದು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರಿಕೆ ಏನೆಂದರೆ,

1. ತಮ್ಮ ಅಜ್ಜ, ಎಸ್ಟೇಟ್ ಮಾಲೀಕರಾಗಿದ್ದ ದಿವಂಗತ ಗಂಗಾಧರಪ್ಪನವರು ಹಾಡಿದ್ದೆನ್ನಲಾದ, ಅವರ ಪೆಟ್ಟಿಗೆಯಲ್ಲಿ ಲೇಬಲ್ ಇಲ್ಲದೆ ಸಿಕ್ಕ ಏಕೈಕ ರೆಕಾರ್ಡನ್ನು ಪ್ರತಿ ಪುಣ್ಯತಿಥಿಯಂದು ಸಭೆಯಲ್ಲಿ ಹಾಕುವುದೂ, ಆ ಗಂಭೀರ ಕಂಠಕ್ಕೆ ಎಲ್ಲರೂ ಕೈಮುಗಿಯುವುದೂ ಹದಿನೆಂಟು ವರ್ಷದಿಂದ ನಡೆದುಬಂದಿರುತ್ತದೆ. ಈ ಸಲ ತಟ್ಟೆ ತಿರುಗದ ಕಾರಣ ನನ್ನನ್ನು ಕರೆಸಲಾಯಿತು.

2. ಒಳಗಿನ ರಬ್ಬರ್ ಚಕ್ರ ಸವೆದಿತ್ತು, ಬದಲಿಸಿದೆ. ವೇಗದ ಲಿವರ್ ತುಕ್ಕು ಹಿಡಿದು ನಿಮಿಷಕ್ಕೆ 45 ಸುತ್ತಿನಲ್ಲೇ ಕಚ್ಚಿಕೊಂಡಿತ್ತು. ರೆಕಾರ್ಡು 78 ಸುತ್ತಿನದ್ದು. ಆದ್ದರಿಂದ ಎಣ್ಣೆ ಬಿಟ್ಟು 78ಕ್ಕೆ ತಂದೆ. ನನ್ನ ಅಪರಾಧ ಇಷ್ಟೇ.

3. ಸಭೆಯಲ್ಲಿ ಮುಳ್ಳು ಇಟ್ಟಕೂಡಲೇ ಗಂಗಾಧರಪ್ಪನವರು ಹೆಂಗಸಿನ ದನಿಯಲ್ಲಿ ಹಾಡತೊಡಗಿದರು. ಆಗಿನ ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು; ಇಷ್ಟು ವರ್ಷ ನಿಧಾನವಾಗಿ ತಿರುಗಿ ಗೊರಕೆಯಂತೆ ಕೇಳುತ್ತಿದ್ದ ಆ ಕೊನೆಯ ಮಾತು "ನಾನು ಕಳಸದ ಬಸಮ್ಮ" ಎಂದು ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ತಮ್ಮ ಅಜ್ಜಿ, ತೊಂಬತ್ತೊಂದು ವರ್ಷದ ಬಸಮ್ಮನವರು, ಎದ್ದು ನಿಂತರು.

"ಇದು ನಂದು ಮಾರಾಯ! ಮದುವೆಗೆ ಮೊದ್ಲು ಹಾಡಿದ್ದು. ಮನೆತನಕ್ಕೆ ಸರಿಯಲ್ಲ, ಒಡೆದು ಹಾಕ್ದೆ ಅಂದಿದ್ರು ನಿಮ್ಮಜ್ಜ!"

"ಇಷ್ಟು ವರ್ಷ ಯಾಕಜ್ಜಿ ಹೇಳ್ಲಿಲ್ಲ?" ಎಂದು ತಾವು ಕೇಳಿದಿರಿ.

"ಗುರುತು ಸಿಕ್ಕಿದ್ರೆ ತಾನೆ? ಇವ್ರು ಯಾವಾಗ ಹಾಡು ಕಲಿತ್ರು ಅಂತ ನಾನೂ ಯೋಚ್ನೆ ಮಾಡ್ತಿದ್ದೆ."

ನಂತರ ಅವರು ಒಡಕು ದನಿಯಲ್ಲೇ ಅದೇ ಹಾಡನ್ನು ಹಾಡಿದರು. ಊಟಕ್ಕೆಂದು ಬಂದಿದ್ದ ಎಸ್ಟೇಟಿನ ಹೆಂಗಸರು ಊಟ ಮರೆತು ನಿಂತರು. ಸಮಿತಿಯವರು ಚಪ್ಪಾಳೆ ತಟ್ಟಲಿಲ್ಲ, ನಡಾವಳಿಯಲ್ಲಿ ಅವಕಾಶವಿರಲಿಲ್ಲವೇನೋ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಒಪ್ಪಿಕೊಳ್ಳುತ್ತೇನೆ.

4. "ಮೂರು ದಿನದೊಳಗೆ ಅಜ್ಜನವರ ಕಂಠವನ್ನು ಯಥಾಸ್ಥಿತಿಗೆ ತರತಕ್ಕದ್ದು" ಎಂಬ ತಮ್ಮ ನೋಟಿಸಿನ ಮೇರೆಗೆ ನಿನ್ನೆ ಹೋಗಿದ್ದೆ. ಪ್ಲೇಯರ್ ಈಗ ಬಸಮ್ಮನವರ ಮಂಚದ ಮೇಲಿದೆ. "ಕೈ ಹಾಕಿ ನೋಡು" ಎಂದು ಊರುಗೋಲು ಎತ್ತಿದರು. ಆಮೇಲೆ ಕಾಫಿ ಕೊಟ್ಟರು.

ಕಾರಣ, ಸದರಿ ಯಂತ್ರವನ್ನು ಬಸಮ್ಮನವರಿಂದ ಬಿಡಿಸಿ ತರಲು ಧೈರ್ಯವುಳ್ಳ ಸದಸ್ಯರೊಬ್ಬರನ್ನು ಸಮಿತಿಯು ಸರ್ವಾನುಮತದಿಂದ ನೇಮಿಸಬೇಕಾಗಿ ಪ್ರಾರ್ಥನೆ.

ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ದಯಾನಂದ

ಲಗತ್ತುಗಳು:
1. ತಮ್ಮ ನೋಟಿಸಿನ ಪ್ರತಿ.
2. ಬರಲಿರುವ ಸದಸ್ಯರ ಬಗ್ಗೆ ಬಸಮ್ಮನವರ ಲಿಖಿತ ಹೇಳಿಕೆ (ಒಟ್ಟು ಒಂದು ಪದ: "ಬರ್ಲಿ").