ನಮ್ಮ ಚಾವಡಿಯ ಬಟಾಣಿ ಮೀನುಗಳು

ನಾಯಿ ಸಾಕಿದ ಮನೆಗೆ ಬಂದವರು ಗೇಟಿನ ಹೊರಗೇ ನಿಂತು ಮಾತಾಡಿಸಿ ಹೋಗುತ್ತಾರೆ. ಮೀನು ಸಾಕಿದರೆ ಹಾಗಲ್ಲ. ಒಳಗೇ ಬರುತ್ತಾರೆ, ಗಾಜಿಗೆ ಮೂಗು ತಾಗಿಸುತ್ತಾರೆ, ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಯಜಮಾನರು ಶಾರ್ಜಾ ಬಿಟ್ಟು ಬಂದು ಕಾಸರಗೋಡಿನಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟ ಹೊಸತು. ಮೊಬೈಲಿನಲ್ಲಿ ಜನ ಬರೀ ಮಾತಾಡುತ್ತಿದ್ದ ಕಾಲ. ಸಂಜೆಯಾದರೆ ಮಧೂರಿನ ನಮ್ಮ ಮನೆಯ ಚಾವಡಿಯಲ್ಲಿ ಎಲ್ಲರೂ ಆ ಗಾಜಿನ ತೊಟ್ಟಿಯ ಮುಂದೆಯೇ ಕೂರುತ್ತಿದ್ದೆವು. ತೊಟ್ಟಿ ಈಗ ಅಟ್ಟ ಸೇರಿದೆ. ಅದರ ಎದುರು ಕೂತವರಲ್ಲಿ ಅತ್ತೆ ಈಗ ಇಲ್ಲ.

ಕಣ್ಣು ಹಾಕಿದ್ದು

ಇವರು ಹೋದದ್ದು ಗೋಲ್ಡ್ ಫಿಶ್ ತರಲು. ಬಂದದ್ದು ಬಟಾಣಿ ಕಾಳಿನಂಥ ಆರು ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ನೇತಾಡಿಸಿಕೊಂಡು. ಹಳದಿ ಮೈ, ಮೇಲೆ ಕಪ್ಪು ಚುಕ್ಕೆ, ಒಂದು ಕಣ್ಣು ಅತ್ತ ತಿರುಗಿದರೆ ಇನ್ನೊಂದು ಇತ್ತ. ಪಫರ್ ಎಂದು ಹೆಸರಂತೆ.

ಇದನ್ನೇ ಯಾಕೆ ತಂದದ್ದು ಎಂದು ಕೇಳಿದೆ.

"ಅಂಗಡಿಯಲ್ಲಿ ಬೇರೆ ಯಾವ ಮೀನೂ ನನ್ನ ಮುಖ ನೋಡಲಿಲ್ಲ ಮಾರಾಯ್ತಿ. ಇದು ನೋಡಿತು."

ಅದು ಕೇರಳದ ಹೊಳೆಯದ್ದೇ ಮೀನು, ವಿಮಾನದಲ್ಲಿ ಹೊರದೇಶಕ್ಕೆ ಹೋಗುತ್ತದೆ ಎಂದೂ ಅಂಗಡಿಯವರು ಹೇಳಿದ್ದರು. ತಾನೂ ಹಾಗೇ ಹೋಗಿ ಬಂದವನಲ್ಲವಾ ಎಂದು ಇವರಿಗೆ ಒಂದು ಬಂಧುತ್ವ ಹುಟ್ಟಿಬಿಟ್ಟಿತ್ತು.

ಎಲ್ಲದರ ಜೊತೆ ಹೊಂದಿಕೊಂಡು ಹೋಗುತ್ತದೆ ಎಂದು ಅಂಗಡಿಯವರು ಹೇಳಿದ ಮಾತು ನಂಬಿ ಒಂದಷ್ಟು ಗಪ್ಪಿ ಮೀನುಗಳನ್ನೂ ಅದೇ ತೊಟ್ಟಿಗೆ ಬಿಟ್ಟೆವು. ಬೀಸಣಿಗೆಯಂಥ ಬಣ್ಣದ ಬಾಲ ಅವಕ್ಕೆ. ಬೆಳಗ್ಗೆ ಎದ್ದು ನೋಡಿದರೆ ಗಪ್ಪಿಗಳೆಲ್ಲ ಉಂಟು, ಬಾಲ ಮಾತ್ರ ಇಲ್ಲ. ಇವರು ಸಿಟ್ಟಿನಿಂದ ಅಂಗಡಿಗೆ ಹೋಗಿ ಕೇಳಿದರಂತೆ. ಅಂಗಡಿಯವರು ನಿಧಾನಕ್ಕೆ ಹೇಳಿದರಂತೆ, "ಜೀವ ಉಂಟಲ್ಲ. ಹೊಂದಿಕೊಂಡು ಹೋಗುವುದೆಂದರೆ ಮತ್ತೆಂತ?"

ಕಷ್ಟಕಾಲ

ಗಪ್ಪಿಗಳನ್ನು ಬೇರೆ ಮಾಡಿದ ಮೇಲೆ ಊಟದ ತಕರಾರು. ಅಂಗಡಿಯಲ್ಲಿ ಸಿಗುವ ಮೀನಿನ ಕಾಳು ಹಾಕಿದರೆ ಇವು ಮುಖ ತಿರುಗಿಸುತ್ತಿದ್ದವು. ಬೇಕಾದದ್ದು ಬಸವನಹುಳು, ತುಳುವಿನಲ್ಲಿ ನಾವು ನರ್ತೆ ಎನ್ನುವುದು. ಅದೂ ಪುಟ್ಟದು, ಜೀವಂತ. ಚಿಪ್ಪಿನಿಂದ ಎಳೆದು ತಿನ್ನುವುದೆಂದರೆ ಪಫರಿಗೆ ಹಬ್ಬ.

ಹಾಗಾಗಿ ಇವರು ಭಾನುವಾರ ಬೆಳಗ್ಗೆ ಪ್ಯಾಂಟು ಮಡಚಿಕೊಂಡು ಗದ್ದೆಯ ತೋಡಿಗೆ ಇಳಿದು ಡಬ್ಬಿಯಲ್ಲಿ ನರ್ತೆ ಹೆಕ್ಕುತ್ತಿದ್ದರು. ದಾರಿಯಲ್ಲಿ ಹೋಗುವವರು ನೋಡಿ, ಏನೂ ಕೇಳದೆ ಮುಂದೆ ಹೋಗುತ್ತಿದ್ದರು. ಏನೂ ಕೇಳದವರೇ ಊರಿಡೀ ಹೇಳಿದ್ದು.

ಒಂದು ಮಧ್ಯಾಹ್ನ ಆಚೆ ಮನೆಯ ದೊಡ್ಡಮ್ಮ ಒಂದು ಪಾತ್ರೆ ಬಂಗುಡೆ ಮೀನಿನ ಗಸಿ ಹಿಡಿದುಕೊಂಡು ಬಂದರು. ನನ್ನ ಕೈಗೆ ಕೊಟ್ಟು, ಸ್ವರ ತಗ್ಗಿಸಿ, "ಗಲ್ಫ್ ಬಿಟ್ಟರೆ ಎಂತ ಮಗಾ, ನಾವೆಲ್ಲ ಇಲ್ಲವಾ? ನರ್ತೆ ತಿಂದು ದಿನ ಕಳೆಯುವಷ್ಟು ಕಷ್ಟ ಆಗಿದ್ದರೆ ಒಂದು ಮಾತು ಹೇಳಬಾರದಿತ್ತಾ?" ಎಂದರು. ಅವರ ಕಣ್ಣು ತುಂಬಿತ್ತು.

ಅದು ಮೀನಿಗೆ ಎಂದು ಹೇಳಬೇಕೆಂದೇ ಇತ್ತು ನಮಗೆ. ಗಸಿ ಖಾಲಿಯಾದ ಮೇಲೆ ಹೋಗಿ ಹೇಳಿದೆವು.

ಅತ್ತೆಯ ಎಣಿಕೆ

ಮೊಗ್ರಾಲಿನಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ತರುವ ಅಕ್ಕ ಒಬ್ಬಳಿದ್ದಳು. ಒಂದು ದಿನ ನೀರು ಕುಡಿಯಲು ಒಳಗೆ ಬಂದವಳು ತೊಟ್ಟಿ ನೋಡಿ ನಿಂತಳು. ಈ ಜಾತಿಯದ್ದೇ ದೊಡ್ಡದು ತಮ್ಮ ಬಲೆಗೂ ಬೀಳುವುದುಂಟು, ವಿಷದ ಮೀನು, ತಿಂದರೆ ಮನುಷ್ಯ ಉಳಿಯುವುದಿಲ್ಲ, ಬಿಸಾಡುವುದನ್ನು ಯಾರಾದರೂ ಸಾಕುತ್ತಾರಾ ಎಂದಳು. ಅತ್ತೆ ಅಲ್ಲೇ ಹತ್ತಿ ಬಿಡಿಸುತ್ತಾ ಕೂತಿದ್ದರು.

ಮರುದಿನದಿಂದ, ನಾನು ಮೀನಿನ ಪದಾರ್ಥ ಮಾಡಿದಾಗೆಲ್ಲ ಅತ್ತೆ ಕೈ ತೊಳೆದು ಮೊದಲು ತೊಟ್ಟಿಯ ಹತ್ತಿರ ಹೋಗುತ್ತಿದ್ದರು. ಬೆರಳು ತೋರಿಸಿ ಆರನ್ನೂ ಎಣಿಸಿ, ಆಮೇಲೆ ಊಟಕ್ಕೆ ಕೂರುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಬಡಿಸುತ್ತಿದ್ದೆ. ನಮ್ಮಿಬ್ಬರಲ್ಲಿ ಬೇರೆ ಯಾವ ಮನಸ್ತಾಪವೂ ಇರಲಿಲ್ಲ.

ಒಂದು ದಿನ ಎಣಿಸಿದಾಗ ಐದೇ ಇದ್ದವು. ಬೆಳಗ್ಗೆ ಒಂದು ಸತ್ತು ತೇಲಿತ್ತು, ಇವರು ಅದನ್ನು ದಾಸವಾಳದ ಬುಡದಲ್ಲಿ ಹುಗಿದು ತಮ್ಮ ಅಂಗಡಿಗೆ ಹೋಗಿದ್ದರು. ಅತ್ತೆ ಸುಮ್ಮನೆ ಬಂದು, ಇವತ್ತು ಗಂಜಿ ಮಜ್ಜಿಗೆ ಸಾಕು ಎಂದರು. ನಾನು ಅವರ ಕೈ ಹಿಡಿದು ದಾಸವಾಳದ ಬುಡಕ್ಕೆ ಕರೆದುಕೊಂಡು ಹೋಗಿ, ಕಡ್ಡಿಯಲ್ಲಿ ಮಣ್ಣು ಕೆದಕಿ ತೋರಿಸಿದೆ. ಬಗ್ಗಿ ಚೆನ್ನಾಗಿ ನೋಡಿದರು.

"ಪಾಪ," ಎಂದರು. ಒಳಗೆ ಬಂದು ಕೂತು, "ಹಾಗಾದರೆ ಬಡಿಸು."

ನೋಡಲು ಬಂದವರು

ನನ್ನ ನಾದಿನಿ ಅಂಗನವಾಡಿ ಟೀಚರ್. ಒಳ್ಳೆಯ ಹುಡುಗಿ, ಆದರೆ ನಗುವುದು ಕಡಿಮೆ. ನೋಡಲು ಬಂದ ಎರಡು ಕಡೆಯವರು ಹುಡುಗಿಗೆ ನಗುವೇ ಇಲ್ಲ ಎಂದು ಹೇಳಿ ಕಳಿಸಿದ್ದರು. ಸ್ವಲ್ಪ ನಗು ಎಂದು ಅತ್ತೆ ಹೇಳಿದರೆ, ಎಂತಕ್ಕೆ ಎಂದು ಕೇಳುತ್ತಿದ್ದಳು. ಅಡೂರಿನಿಂದ ಮೂರನೆಯವರು ಬಂದ ದಿನ ಅತ್ತೆ ಬೆಳಗ್ಗಿನಿಂದ ಚಾವಡಿಯನ್ನು ಮೂರು ಸಲ ಗುಡಿಸಿದ್ದರು.

ಹುಡುಗನ ಜೊತೆ ಅವನ ಸೋದರಮಾವ, ಮಾವನ ಹೆಂಡತಿ ಬಂದಿದ್ದರು. ಮಾವನದ್ದು ಭಾರೀ ಹೊಟ್ಟೆ. ಗೋಳಿಬಜೆ ತಿನ್ನುತ್ತಾ ಅವರು ತೊಟ್ಟಿಯ ಹತ್ತಿರ ಹೋದರು. ಪಫರ್ ಹೆದರಿದರೆ ನೀರು ಕುಡಿದು ಮೈ ಉಬ್ಬಿಸುತ್ತದೆ ಎಂದು ಕೇಳಿದ್ದೆವೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಆ ದೊಡ್ಡ ಮುಖ ಗಾಜಿಗೆ ತಾಗಿದ್ದೇ ತಡ, ಒಂದು ಮೀನು ಅವರ ಮೂಗಿನ ನೇರಕ್ಕೆ ನಿಂತು ಗೋಲಿಯ ಹಾಗೆ ಉಬ್ಬಿತು. ಹೊಟ್ಟೆಯೇ ಹೊಟ್ಟೆ, ಮೇಲೆ ಎರಡು ಕಣ್ಣು.

ಅವರನ್ನು ಅಣಕಿಸಿದ ಹಾಗೆಯೇ ಇತ್ತು. ಮಾವ ಮೀನನ್ನು ನೋಡಿದರು, ತನ್ನ ಹೊಟ್ಟೆ ನೋಡಿದರು. ಮೆಲ್ಲನೆ ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡರು. ಮೀನು ಇಳಿಯಲಿಲ್ಲ. ಮಾವನೂ ಬಿಡಲಿಲ್ಲ. ಅವರ ಮುಖ ಕೆಂಪಾಗುತ್ತಾ ಬಂತು.

ಅವರ ಹೆಂಡತಿ ಚಹಾದ ಲೋಟ ಕೆಳಗಿಟ್ಟು ಹೇಳಿದರು, "ನೀವೇ ಮೊದಲು ಬಿಡಿ. ಅದು ಚಿಕ್ಕದು."

ನನ್ನ ನಾದಿನಿ ನಕ್ಕಳು. ಕೈಯಲ್ಲಿ ಚಹಾದ ತಟ್ಟೆ ಇದ್ದದ್ದೂ ಮರೆತು, ಬಗ್ಗಿ ಬಗ್ಗಿ ನಕ್ಕಳು. ಉಳಿದ ಚಹಾ ಅಷ್ಟೂ ಹುಡುಗನ ಬಿಳಿ ಪಂಚೆಯ ಮೇಲೆ. ಅವನು ಹಾರಿ ಎದ್ದು, ಪಂಚೆ ಒದರಿಕೊಳ್ಳುತ್ತಾ, ಯಾರೂ ಕೇಳುವ ಮೊದಲೇ, ತನಗೆ ಒಪ್ಪಿಗೆ ಎಂದ.